ಗರಗಸದ ಇನ್ನೊಂದು ತುದಿ

ಹಾರ್ಲೆಮ್ ಊರಿನ ಒಂದು ಪಾರ್ಕಿನಲ್ಲಿ ನಾನು ನಲವತ್ತೊಂದು ವರ್ಷ ಮಾಲಿಯಾಗಿದ್ದೆ. ಅಲ್ಲಿನ ಕಲ್ಲಿನ ಮೇಲೆ ಹನ್ನೊಂದು ಹೆಸರುಗಳಿವೆ, ಎರಡನೇ ಮಹಾಯುದ್ಧದಲ್ಲಿ ನಮ್ಮ ದೇಶ ಹಿಡಿದಿದ್ದ ಜರ್ಮನ್ನರ ವಿರುದ್ಧ ಗುಟ್ಟಾಗಿ ಹೋರಾಡಿ ಸತ್ತವರವು. ಪಾಚಿ ಕಟ್ಟಿದಾಗೆಲ್ಲ ಉಜ್ಜುತ್ತಿದ್ದೆ. ಏಳನೆಯ ಹೆಸರು ಯೋರಿಸ್. ಅದನ್ನು ಮಾತ್ರ ನೋಡದೆ ಉಜ್ಜುತ್ತಿದ್ದೆ. ನಿವೃತ್ತನಾದ ಮೇಲೂ ಆಗಾಗ ಗುಡಿಸಲು ಬರುತ್ತೇನೆ.

ಈ ಏಪ್ರಿಲ್‌ನಲ್ಲಿ ಯೋರಿಸನ ತಂಗಿ ಟ್ರಿನ್ ಕಲ್ಲಿನೆದುರಿನ ಬೆಂಚಿಗೆ ನನ್ನನ್ನು ಕರೆಸಿ, ಫ್ಲಾಸ್ಕಿನಿಂದ ಕಾಫಿ ಸುರಿದು ಕೊಟ್ಟಳು.

"ನಗರಸಭೆಯೋರು ಇಲ್ಲೊಂದು ಫಲಕ ಹಾಕ್ತಾರಂತೆ ಬಾರ್ಟ್. ಯಾರ್‍ಯಾರು ಹೇಗೆ ಸತ್ರು ಅಂತ ಎರಡೆರಡು ಸಾಲು. ನಮ್ಮಣ್ಣಂದು ನಾನು ಕೊಡ್ಬೇಕು. ಮನೆಗೆ ಅವನ ಹೆಣದ ಜೊತೆ ಬಂದ ಗರಗಸ ಇಬ್ಬರು ಎಳೆಯೋದು. ಇನ್ನೊಂದು ತುದಿ ಯಾರ ಕೈಲಿತ್ತು?"

"ಅರವತ್ತು ವರ್ಷ ಕೇಳ್ಲಿಲ್ಲ ನೀನು."

"ನೀನು ಹೇಳ್ಲಿಲ್ವಲ್ಲ! ಪ್ರತಿ ಮೇ ನಾಲ್ಕಕ್ಕೂ ಯುದ್ಧದಲ್ಲಿ ಸತ್ತೋರ ನೆನಪಿಗೆ ಊರೆಲ್ಲ ಇಲ್ಲಿ ಎರಡು ನಿಮಿಷ ಸುಮ್ಮನೆ ನಿಂತ್ರೆ, ನೀನು ಪೊರಕೆ ಹಿಡ್ಕೊಂಡು ಪೊದೆ ಹಿಂದೆ ನಿಲ್ತೀಯ. ಕಳ್ಳಬೆಕ್ಕಿನ ಹಾಗೆ."

ಹೇಳಿದೆ.

ಹಸಿವಿನ ಚಳಿಗಾಲ, ನಲವತ್ತೈದರ ಫೆಬ್ರವರಿ. ನನಗೆ ಹದಿನೇಳು, ಯೋರಿಸನಿಗೆ ಹತ್ತೊಂಬತ್ತು. ಟ್ಯೂಲಿಪ್ ಹೂವಿನ ಗೆಡ್ಡೆ ಬೇಯಿಸಿ ತಿನ್ನಬೇಕಿದ್ದರೂ ಬೆಂಕಿ ಬೇಕಲ್ಲ. ಇದೇ ಪಾರ್ಕಿನ ಮರ ಮುಟ್ಟಿದವರಿಗೆ ಗುಂಡು ಎಂದು ಜರ್ಮನ್ನರು ಸಾರಿದ್ದರು. ಬೆಳಗಿನ ಮಂಜಿನಲ್ಲಿ ನಾವಿಬ್ಬರೂ ಒಂದು ಮರ ಕೊಯ್ಯುತ್ತಿದ್ದೆವು. ಸಿಪಾಯಿ ಕೂಗಿದ. ನಾನು ಹಿಡಿ ಬಿಟ್ಟು ಓಡಿದೆ. ಯೋರಿಸ್ ಗರಗಸ ಬಿಡಿಸಿಕೊಳ್ಳಲು ನೋಡಿದ. ಅದು ಮರದಲ್ಲಿ ಕಚ್ಚಿಕೊಂಡಿತ್ತು.

ಹೆಣ ತೊಳೆದವರಿಗೆ ಅವನ ಅಂಗಿಯೊಳಗೆ ಹೋರಾಟಗಾರರ ಗುಟ್ಟಿನ ಪತ್ರಿಕೆಯ ನಾಲ್ಕು ಹಾಳೆ ಸಿಕ್ಕವು. ಗರಗಸ ಬರೀ ನೆಪ, ಪತ್ರಿಕೆ ಹಂಚಲು ಹೊರಟಿದ್ದ ಎಂದುಕೊಂಡರು. ಹೆಸರು ಕಲ್ಲಿಗೆ ಹೋಯಿತು. ಚಳಿಗೆ ಅಂಗಿಯೊಳಗೆ ಕಾಗದ ತುರುಕಿಕೊಳ್ಳುವುದು ಆಗ ಎಲ್ಲರ ಅಭ್ಯಾಸ. ಹಾಳೆ ಕೊಟ್ಟವನೂ ನಾನೇ.

"ಇದನ್ನ ಬರೆದ್ರೆ ಅವನ ಹೆಸರು ತೆಗೆದುಬಿಡಬಹುದು ಟ್ರಿನ್."

"ಪತ್ರಿಕೆ ಓದೋದಕ್ಕೇ ಸೋಮಾರಿ ಅವನು, ಇನ್ನು ಹಂಚ್ತಾನಾ! ಅದು ಅಮ್ಮಂಗೂ ಗೊತ್ತಿತ್ತು. ಸುಳ್ಳಿನ ಮೇಲೆ ನಿಂತಿರೋ ಹೆಸರು ನೋಡಿ ನೋಡಿ ನಂಗೆ ಸಾಕಾಗಿದೆ. ಆ ವಾರ ನಮ್ಮನೇಲಿ ಸೌದೆ ಇತ್ತು. ಅವನು ಕೊಯ್ತಿದ್ದಿದ್ದು ಯಾರಿಗೆ?"

"ನಮ್ಮನೆಗೆ. ಅಮ್ಮ ಜ್ವರದಲ್ಲಿ ನಡುಗ್ತಿದ್ಲು. ನಾನೇ ಕರೆದೆ."

ಟ್ರಿನ್ ಬಟ್ಟಲಿನಲ್ಲಿ ಉಳಿದಿದ್ದ ಕಾಫಿಯನ್ನು ಹುಲ್ಲಿಗೆ ಚೆಲ್ಲಿದಳು.

"ಮರ ಏನಾಯ್ತು?"

"ಮಾರನೇ ದಿನ ಯಾರೋ ಹೊತ್ಕೊಂಡು ಹೋಗಿದ್ರು."

ಅವಳು ಚೀಲದಿಂದ ಕಾಗದ ತೆಗೆದು ಬರೆದಳು, ಓದಿದಳು: ಪಕ್ಕದ ಮನೆಯ ಕಾಯಿಲೆಯವಳಿಗೆ ಸೌದೆ ಕೊಯ್ಯುವಾಗ ಗುಂಡೇಟಿಗೆ ಸತ್ತ.

"ಎರಡನೇ ಸಾಲು ನಿಂದು."

"ನಂಗೆ ಬರೆಯೋಕೆ ಸರಿಯಾಗಿ ಬರಲ್ಲ."

"ಹೆಸರು ಬರೆಯೋಕೆ ಬರುತ್ತಲ್ಲ."

ಹೊತ್ತು ಹಿಡಿಯಿತು. ಗರಗಸದ ಇನ್ನೊಂದು ತುದಿ ಹಿಡಿದಿದ್ದವನು ಓಡಿದ, ಅವನು ಬಾರ್ಟ್ ಎಂದು ಬರೆದೆ.

ಕಲ್ಲಿನ ಹೆಸರಿನ ವಿಚಾರ ನಗರಸಭೆ ಇನ್ನೂ ತೀರ್ಮಾನಿಸಿಲ್ಲ. ಮೇ ನಾಲ್ಕಕ್ಕೆ ಪೊರಕೆಯನ್ನು ಶೆಡ್ಡಿನಲ್ಲಿಟ್ಟು ಟ್ರಿನ್ ಪಕ್ಕದಲ್ಲಿ ನಿಂತೆ.