ಹೋದವನು ಬರಲೇಬೇಕು

ನಾಯಕನ ಪಾತ್ರದ ಹುಡುಗ ಸತ್ತಾಗ ಸಿನಿಮಾದ ಮೊದಲೂ ಕೊನೆಯೂ ಮುಗಿದಿದ್ದವು, ನಡುವಿನದಷ್ಟೇ ಬಾಕಿಯಿತ್ತು. ಮನೆಯ ಸೆಟ್ಟು ಬಾಡಿಗೆಯದು. ಹಾಗಾಗಿ ನಾಯಕ ಮನೆ ಬಿಟ್ಟು ಹೊರಡುವುದನ್ನೂ ಎಲ್ಲ ಗೆದ್ದು ಮರಳುವುದನ್ನೂ ಒಂದೇ ವಾರದಲ್ಲಿ ಚಿತ್ರೀಕರಿಸಿಬಿಟ್ಟಿದ್ದರು. ಅದು ಮುಗಿದ ಸಂಜೆ ಬೈಕು ಹತ್ತಿ ಹೊರಟವನಿಗೆ ಹಿಂದಿನಿಂದ ಲಾರಿ ಗುದ್ದಿತು. ಆಸ್ಪತ್ರೆ ಮುಟ್ಟುವ ತನಕವೂ ಉಸಿರು ಉಳಿಯಲಿಲ್ಲ.

ಸಿನಿಮಾದ ಕಥೆ ನಡೆಯುವುದು ಮುಂದೆಂದೋ ಬರಲಿರುವ ಕೆಟ್ಟ ಕಾಲದಲ್ಲಿ. ಆಕಾಶವೇ ಕಾಣದಂತೆ ಚಾವಣಿ ಹಾಕಿದ ನಗರ. ಮನೆಗೊಬ್ಬರನ್ನು ನೆಲದಡಿಯ ಯಂತ್ರಗಳ ಚಾಕರಿಗೆ ಒಪ್ಪಿಸಬೇಕು, ಹೋದವರು ಬಂದದ್ದಿಲ್ಲ. ಅಕ್ಕನನ್ನು ಹುಡುಕಿಕೊಂಡು ಕೆಳಗಿಳಿದ ಹುಡುಗ, ಚಾವಣಿ ತೆರೆಯುವ ಕೀಲಿ ಹಿಡಿದು ಮನೆಗೆ ಬರುತ್ತಾನೆ. ನಿರ್ದೇಶಕ ಇದನ್ನೆಲ್ಲ ‘ನಾಯಕನ ಯಾತ್ರೆ’ ಎಂಬ ಹಳೆಯ ಕಥಾಸೂತ್ರದ ಅಚ್ಚಿನಲ್ಲಿ ಎರಕ ಹೊಯ್ದಿದ್ದ. ಎಡಿಟಿಂಗ್ ಕೋಣೆಯ ಗೋಡೆಯ ಮೇಲೆ ದೊಡ್ಡದೊಂದು ವೃತ್ತ ಬರೆದು, ಸುತ್ತ ಚೀಟಿ ಅಂಟಿಸಿದ್ದ: ಕರೆ, ಹಿಂಜರಿಕೆ, ಗುರು, ಹೊಸ್ತಿಲು, ಪಾತಾಳ, ಸಾವಿನಂಚು, ಅಮೃತ, ಮರಳಿ ಮನೆ. ಕೋಣೆಗೆ ಯಾರೇ ಬರಲಿ, ಮಗುವಿನ ಫೋಟೊ ತೋರಿಸುವವನ ಹಾಗೆ ಅದನ್ನು ತೋರಿಸುತ್ತಿದ್ದ.

ಸಿನಿಮಾದ ಎಡಿಟರ್ ಒಬ್ಬ ಹೆಂಗಸು. ಕತ್ತರಿಯಕ್ಕ ಎಂದು ಅವಳಿಗೆ ಹೆಸರಿಟ್ಟವನು ಆ ಹುಡುಗನೇ. “ಏನು ಬೇಕಾದ್ರೂ ಕತ್ತರಿಸು, ನನ್ನ ಮೂಗೊಂದು ಉಳಿಸು ಕತ್ತರಿಯಕ್ಕ” ಎಂದು ಬಾಗಿಲಲ್ಲೇ ನಿಂತು ನಗುತ್ತಿದ್ದ. ಈಗ ಅವಳು ಬೆಳಗಿನಿಂದ ಸಂಜೆಯವರೆಗೆ ಅವನ ಮುಖವನ್ನೇ ಹಿಂದಕ್ಕೂ ಮುಂದಕ್ಕೂ ಓಡಿಸುತ್ತಾ ಕೂರಬೇಕಾಗಿತ್ತು.

“ಹೊಸ್ತಿಲ ಹತ್ರ ನಿಲ್ಲಿಸಿಬಿಡೋಣ. ಅವನು ಕೆಳಗಿಳೀತಾನೆ, ಹಿಂದೆ ಕಬ್ಬಿಣದ ಬಾಗ್ಲು ಮುಚ್ಕೊಳ್ಳುತ್ತೆ. ಮುಗೀತು,” ಎಂದಳು.

“ಹೋದವನು ಬರ್ಲೇಬೇಕು,” ಎಂದ ನಿರ್ದೇಶಕ. “ಬರ್ದೇ ಇದ್ರೆ ಅದು ಯಾತ್ರೆ ಹೇಗಾಗುತ್ತೆ? ಶವಯಾತ್ರೆ ಆಗುತ್ತೆ.”

ಹೇಳಿದವನೇ ನಾಲಿಗೆ ಕಚ್ಚಿಕೊಂಡ.

ಪಾತಾಳದ ಭಾಗಕ್ಕೆ ಅವನೇ ದಾರಿ ಹುಡುಕಿದ. ನೆಲದಡಿಯಲ್ಲಿ ಹೊಗೆ ಇರುವುದರಿಂದ ಎಲ್ಲರೂ ಮುಖವಾಡ ತೊಟ್ಟಿರುತ್ತಾರೆ ಎಂದು ತಿದ್ದಿ ಬರೆದ. ಅದೇ ಮೈಕಟ್ಟಿನ ಇನ್ನೊಬ್ಬನಿಗೆ ಮುಖವಾಡ ಹಾಕಿಸಿ ಚಿತ್ರೀಕರಣ ಮುಗಿಸಿದ. ಆದರೆ ಮರಳಿ ಬರುವ ದೃಶ್ಯದ ಧ್ವನಿ ಕೆಟ್ಟಿತ್ತು. ಅವತ್ತು ಜನರೇಟರಿನ ಸದ್ದಿತ್ತು, ಆಮೇಲೆ ಡಬ್ಬಿಂಗ್ ಮಾಡಿದರಾಯಿತು ಎಂದು ಬಿಟ್ಟಿದ್ದರು. ಮಿಮಿಕ್ರಿ ಕಲಾವಿದರನ್ನು ಕರೆಸಿ ನೋಡಿದರು. ಒಬ್ಬನದು ಕಾಗೆಯಾದರೆ ಇನ್ನೊಬ್ಬನದು ಕೋಗಿಲೆ. ಹುಡುಗನ ದನಿ ಮಾತ್ರ ಯಾರ ಗಂಟಲಲ್ಲೂ ಸಿಗಲಿಲ್ಲ.

ಅಂಥ ಒಂದು ಮಧ್ಯಾಹ್ನ ಕತ್ತರಿಯಕ್ಕನ ಫೋನು ಹೊಡೆದುಕೊಂಡಿತು. “ಹಲೋ” ಎಂಬ ಒಂದೇ ಮಾತಿಗೆ ಅವಳು ಕುರ್ಚಿಯಿಂದ ಎದ್ದುಬಿಟ್ಟಳು. ಅದು ಅವನೇ.

“ನಾನಮ್ಮ, ಅವನ ಅಪ್ಪ. ಅವನ ಒಂದು ಚೀಲ ನಿಮ್ಮ ಸ್ಟುಡಿಯೊದಲ್ಲಿ ಉಳ್ಕೊಂಡಿದ್ಯಂತಲ್ಲ. ನಮ್ಮನೆಯವಳು ಕೇಳ್ತಿದ್ಲು.”

ಅಪ್ಪನ ದನಿ ಥೇಟು ಮಗನದೇ ಎಂಬುದನ್ನು ಅವಳು ನಿರ್ದೇಶಕನಿಗೆ ಹೇಳಿದಳು. ದೊಡ್ಡ ಕಷ್ಟವೊಂದು ಕಳೆಯಿತೆಂಬ ಹಗುರದಲ್ಲೇ ಹೇಳಿದಳು, ಮುಂದಿನದನ್ನು ಯೋಚಿಸಲಿಲ್ಲ. ಅವನು ಅಂದೇ ಅವರ ಮನೆಗೆ ಹೋಗಿ ಕೈಮುಗಿದು ಕೂತ. ಮಗನ ಕೊನೆಯ ಸಿನಿಮಾ ಅರ್ಧಕ್ಕೆ ನಿಲ್ಲಬಾರದು ಎಂದ. ಅಪ್ಪ ಲೇತ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಮೈಕಿನ ಮುಂದೆ ನಿಂತವರಲ್ಲ. “ಮಗನಿಗೋಸ್ಕರ ಅಲ್ವಾ” ಎಂದು ಒಪ್ಪಿಕೊಂಡರು.

ಡಬ್ಬಿಂಗಿನ ದಿನ ಅಮ್ಮನೂ ಜೊತೆಗೆ ಬಂದರು. ಮನೆಯಲ್ಲಿ ಒಬ್ಬರೇ ಕೂರಲಾರೆ ಎಂದರಂತೆ. ಕತ್ತರಿಯಕ್ಕ ಅವರನ್ನು ಹೊರಗಿನ ಓಣಿಯಲ್ಲಿ ಬೆಂಚಿನ ಮೇಲೆ ಕೂರಿಸಿ, ಮಗನ ಚೀಲವನ್ನೂ ಕುಡಿಯಲು ನೀರನ್ನೂ ಕೊಟ್ಟು, “ಕೆಂಪು ದೀಪ ಉರೀತಿರೋವಾಗ ಒಳಗೆ ಬರ್ಬೇಡಿ ಅಮ್ಮ, ಸದ್ದಾಗುತ್ತೆ” ಎಂದಳು. ಅವರು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ತಲೆಯಾಡಿಸಿದರು. ಹಳೆಯ ಗೋದಾಮನ್ನೇ ಸ್ಟುಡಿಯೊ ಮಾಡಿದ್ದರು. ಬಾಗಿಲ ಅಂಚಿನಲ್ಲಿ ಸದ್ದು ತಡೆಯುವ ರಬ್ಬರು ಕಿತ್ತುಬಂದು ಎಷ್ಟೋ ಕಾಲವಾಗಿತ್ತು.

ಒಳಗೆ ಅಪ್ಪನಿಗೆ ಮೊದಲು ನೆಲದಡಿಯ ದೃಶ್ಯ ತೋರಿಸಿದರು. “ಇವನಲ್ಲ ಅಲ್ವಾ?” ಎಂದು ಕೇಳಿದರು. ಅಲ್ಲ ಎಂದಳು ಕತ್ತರಿಯಕ್ಕ. “ನಮ್ಮೋನು ಎಡಗಾಲು ಎಳೆದು ಹಾಕ್ತಿದ್ದ,” ಎಂದು ಸುಮ್ಮನಾದರು.

ಆಮೇಲೆ ಪರದೆಯ ಮೇಲೆ ಮಗ ಬಂದ. ಮೈಯೆಲ್ಲ ಮಸಿ, ಕೈಯಲ್ಲಿ ಕೀಲಿ. ಮನೆಯ ಬಾಗಿಲ ಮುಂದೆ ನಿಂತು ತುಟಿ ಅಲುಗಿಸಿದ. ಅಪ್ಪ ಕೈಯಲ್ಲಿದ್ದ ಹಾಳೆ ನೋಡಿಕೊಂಡು, “ಅಮ್ಮ, ನಾನು ಬಂದಿದ್ದೇನೆ, ಬಾಗಿಲು ತೆಗಿ” ಎಂದು ಶಾಲೆಯ ಮಕ್ಕಳು ಪಾಠ ಒಪ್ಪಿಸುವಂತೆ ಓದಿದರು. ಮತ್ತೆ ಮತ್ತೆ ಹೇಳಿಸಿದರೂ ಹಾಗೆಯೇ.

ನಿರ್ದೇಶಕ ಗಾಜಿನ ಈಚೆಯಿಂದ ಮೈಕು ಒತ್ತಿ ಹೇಳಿದ: “ನೀವು ಓದ್ತಿದೀರಿ. ಹಾಳೆ ಕೆಳಗಿಡಿ. ಅವನು ಮನೇಲಿ ಹೇಗೆ ಕರೀತಿದ್ದ?”

“ಮನೇಲಾ?” ಎಂದ ಅಪ್ಪ ಯೋಚಿಸಿದರು. “ಹೊಟ್ಟೆ ಹಸ್ಕೊಂಡು ಬಂದ್ರೆ ಬೀದಿಯಿಂದಾನೇ ಕೂಗ್ತಿದ್ದ.”

“ಹಾಗೇ ಕೂಗಿ.”

ಅಪ್ಪ ಕಣ್ಣು ಮುಚ್ಚಿಕೊಂಡರು. “ಅಮ್ಮೋ! ಬಂದೆ ಕಣಮ್ಮೋ! ಬಾಗ್ಲು ತೆಗಿಯೇ!”

ಧ್ವನಿಮುದ್ರಣದವನು ಕಿವಿಯ ಹೆಡ್‌ಫೋನು ತೆಗೆದು ಹಿಂದಕ್ಕೆ ತಿರುಗಿ ನೋಡಿದ. ಅಷ್ಟರಲ್ಲಿ ಬಾಗಿಲು ಪೂರ್ತಿ ತೆರೆಯಿತು. ಕೆಂಪು ದೀಪ ಉರಿಯುತ್ತಲೇ ಇತ್ತು. ಹೊಸ್ತಿಲಲ್ಲಿ ಅಮ್ಮ ನಿಂತಿದ್ದರು. ಚೀಲ ಅವರ ಹಿಂದೆ ನೆಲದ ಮೇಲೆ ಬಿದ್ದಿತ್ತು. ಅವರ ಮುಖದಲ್ಲಿ ಅಳುವಿರಲಿಲ್ಲ. ತಡವಾಗಿ ಬಂದ ಮಗನನ್ನು ಬೈಯಲು ಬಾಯಿ ತೆರೆದವರ ಮುಖ ಅದು. ಕಣ್ಣು ಕೋಣೆಯಿಡೀ ಓಡಿ, ಗಾಜಿನಾಚೆ ನಿಂತ ಗಂಡನ ಮೇಲೆ ಬಂದು ನಿಂತಿತು.

“ನೀವಾ,” ಎಂದರು.

“ನಾನೇ ಕಣೇ,” ಎಂದು ಗಂಡ ಮೈಕಿನಲ್ಲೇ ಹೇಳಿಬಿಟ್ಟರು. ಆ ಮಾತು ಸ್ಪೀಕರಿನಿಂದ ಕೋಣೆಯ ತುಂಬ ಕೇಳಿತು.

ಅಮ್ಮ ಎರಡೂ ಕಿವಿ ಮುಚ್ಚಿಕೊಂಡರು. “ಮಾತಾಡ್ಬೇಡಿ. ದಮ್ಮಯ್ಯ ಅಂತೀನಿ, ಮಾತಾಡ್ಬೇಡಿ.”

ಕತ್ತರಿಯಕ್ಕ ಅವರ ಭುಜ ಹಿಡಿದು ಓಣಿಗೆ ಕರೆದೊಯ್ದಳು. ಅವರು ಬೆಂಚಿನ ಮೇಲೆ ಕೂರಲಿಲ್ಲ, ಮೆಟ್ಟಿಲಿಳಿದು ಬೀದಿಗೆ ಹೋಗಿ ನಿಂತರು. ಅವಳು ಮರಳಿದಾಗ ನಿರ್ದೇಶಕ ನೆಲ ನೋಡುತ್ತಾ ನಿಂತಿದ್ದ. “ಇನ್ನು ನಾಲ್ಕೇ ಮಾತು ಬಾಕಿ,” ಎಂದ. ಸಾಕು ನಿಲ್ಲಿಸು ಎನ್ನಲು ಅವಳು ಅವನ ಕಡೆ ತಿರುಗಿದಳು. ಆದರೆ ಅಪ್ಪನೇ, “ಬಂದದ್ದಾಯ್ತಲ್ಲ, ಮುಗಿಸ್ಬಿಡೋಣ” ಎಂದರು. ಮುಗಿಸಿದರು. ಎಲ್ಲವೂ ಚೆನ್ನಾಗಿಯೇ ಬಂದವು.

ಅವಳು ಯಾರಿಗೂ ಹೇಳದೆ, ಕಬ್ಬಿಣದ ಬಾಗಿಲು ಮುಚ್ಚುವಲ್ಲಿಗೇ ಸಿನಿಮಾ ಮುಗಿಸಿದ ಇನ್ನೊಂದು ಪ್ರತಿ ಮಾಡಿ ನಿರ್ಮಾಪಕನಿಗೆ ತೋರಿಸಿದಳು. “ದುಡ್ಡು ಕೊಟ್ಟು ಯಾರಮ್ಮ ಬಂದು ಅಳ್ತಾರೆ?” ಎಂದು ಅವನು ಎದ್ದುಹೋದ. ಹುಡುಗ ಮರಳಿ ಬರುವ ಸಿನಿಮಾವೇ ಬಿಡುಗಡೆಯಾಯಿತು. ದನಿ ಬೇರೆಯೆಂದು ಒಬ್ಬರಿಗೂ ಗೊತ್ತಾಗಲಿಲ್ಲ. ನಾಯಕ ಮನೆಗೆ ಬರುವುದು ಸವಕಲು ಸೂತ್ರ, ಮೊದಲೇ ಊಹಿಸಬಹುದಿತ್ತು ಎಂದು ಪತ್ರಿಕೆಯೊಂದು ಬರೆಯಿತು. ಎರಡು ವಾರ ಓಡಿ ಎತ್ತಂಗಡಿಯಾಯಿತು.

ಕತ್ತರಿಯಕ್ಕನಿಗೆ ಮನಸ್ಸು ತಡೆಯಲಿಲ್ಲ. ಹುಡುಗನ ತಪ್ಪಿದ ಮಾತುಗಳು, ಟೇಕ್ ನಡುವಿನ ನಗು, ಗೊಣಗಾಟ, ಎಲ್ಲವನ್ನೂ ಆಯ್ದು ಜೋಡಿಸಿ ಒಂದು ಪೆನ್‌ಡ್ರೈವಿಗೆ ಹಾಕಿಕೊಂಡು ಅವರ ಮನೆಗೆ ಹೋದಳು. ಬಾಗಿಲು ತೆರೆದ ಅಪ್ಪ ತುಟಿಯ ಮೇಲೆ ಬೆರಳಿಟ್ಟು, ಚಪ್ಪಲಿ ಮೆಟ್ಟಿಕೊಂಡು ಅವಳನ್ನು ಕೆಳಗಿನ ಬೀದಿಗೆ ಕರೆತಂದರು. ಅಲ್ಲಿಯೂ ಪಿಸುಮಾತಿನಲ್ಲೇ ಮಾತಾಡಿದರು.

“ಮನೇಲಿ ನಾನು ಮಾತಾಡಲ್ಲಮ್ಮ. ನಾನು ಬಾಯ್ಬಿಟ್ರೆ ಅವಳು ಬಾಗ್ಲ ಕಡೆ ನೋಡ್ತಾಳೆ. ಇಷ್ಟು ವರ್ಷ ನನ್ನ ದನಿ ಅಂತ ಕೇಳಿದ್ಲು. ಈಗ ಅವನದು ಅಂತ ಕೇಳ್ತಾಳೆ. ಬೇಕು ಅಂತ ಮಾಡೋದಲ್ಲ, ಪಾಪ. ಕತ್ತು ತಾನಾಗೇ ತಿರುಗುತ್ತೆ.”

“ಡಾಕ್ಟರಿಗೆ ತೋರಿಸಿದ್ರಾ?”

“ಏನಂತ ತೋರಿಸೋದು? ಗಂಡ ಮಾತಾಡ್ತಾನೆ ಅಂತಾನಾ?” ನಗಲು ಹೋದರು, ಆಗಲಿಲ್ಲ. “ಊಟ ಬೇಕಂದ್ರೆ ತಟ್ಟೆ ತೋರಿಸ್ತೀನಿ. ನಡೀತಿದೆ.”

ಅವಳು ಪೆನ್‌ಡ್ರೈವ್ ಮುಂದೆ ಹಿಡಿದು ಅದರಲ್ಲೇನಿದೆ ಎಂದು ಹೇಳಿದಳು. ಅವರು ಮುಟ್ಟಲಿಲ್ಲ.

“ಬೇಡಮ್ಮ. ಇಟ್ಕೊ.”

“ನನ್ನಿಂದ ತಪ್ಪಾಯ್ತು. ಅವತ್ತು ಫೋನಲ್ಲಿ ನಿಮ್ಮ ದನಿ ಕೇಳಿ ನಾನೇ ಹೇಳಿದ್ದು.”

“ನೀನು ಹೇಳ್ದೆ, ಅವನು ಕೇಳ್ದ, ನಾನು ಒಪ್ದೆ. ಯಾರನ್ನ ಅಂತ ಬೈಯೋದು?” ಎಂದರು. ಅದರಲ್ಲಿ ಸಮಾಧಾನವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ.

ಮೇಲಿನ ಕಿಟಕಿ ತೆರೆದುಕೊಂಡಿತು. “ಯಾರ್ರೀ ಬಂದಿದ್ದು?” ಎಂದು ಅಮ್ಮ ಕೂಗಿ ಕೇಳಿದರು.

ಅಪ್ಪ ತಲೆಯೆತ್ತಿ, ಯಾರೂ ಇಲ್ಲ ಎಂಬಂತೆ ಕೈಯಾಡಿಸಿದರು. ಕತ್ತರಿಯಕ್ಕ ಗೋಡೆಯ ಮರೆಗೆ ಸರಿದು, ಕಿಟಕಿ ಮುಚ್ಚುವವರೆಗೂ ಅಲ್ಲೇ ನಿಂತಿದ್ದಳು.