ಮಹಿಳಾ ದಿನದ ಅತ್ತರು

"ಮುಖಕ್ಕೆ ಬಟ್ಟೆ ಸುತ್ಕೊಂಡು ನಿಂತ್ರೆ ಫೋಟೋದಾಗೆ ಏನೇ ಕಾಣ್ತದೆ, ನಿಮ್ಮಪ್ಪನ ತಲೆನಾ? ಬಿಚ್ಚೇ ಮುಂಡೆ!"

ಮೇಸ್ತ್ರಿ ಸ್ತಾಮೆನ್ ಗದರಿದ್ದಕ್ಕೆ ಸೆವ್ದಿಯೆ ತಲೆವಸ್ತ್ರದ ತುದಿಯನ್ನು ಮೂಗಿನಿಂದ ಕೆಳಗಿಳಿಸಿದಳು. ರೊಡೋಪಿ ಬೆಟ್ಟದ ಮಣ್ಣನ್ನು ಆಸಿಡ್ಡಿನಲ್ಲಿ ಕುದಿಸಿ, ತೊಳೆದು, ಒಣಗಿಸಿ, ಹಿಟ್ಟು ಮಾಡಿ ಕಳಿಸುವ ಕಾರ್ಖಾನೆ ಅದು. ಎಷ್ಟು ತೊಳೆದರೂ ಹುಳಿ ಬಿಡದ ಮಣ್ಣು. ಆ ಹುಳಿಗೇ ಬೆಲೆ. ಎಣ್ಣೆ ತಿಳಿಯಾಗುವುದೂ ಅದರಿಂದಲೇ, ಅತ್ತರಿನ ಸರಕು ಹುಟ್ಟುವುದೂ ಅದರಿಂದಲೇ. ಚೀಲ ತುಂಬುವವರು ಮಾತ್ರ ಸೆವ್ದಿಯೆಯಂಥ, ಕುರಿ ಸಾಕುವ ತುರ್ಕಿ ಮಾತಿನ ಹಳ್ಳಿಗಳ ಹೆಂಗಸರು. ಗೋಡೆಯ ಮೇಲೆ 'ಮುಖಕವಚ, ಕನ್ನಡಕ, ಕೈಗವಸು ಕಡ್ಡಾಯ' ಎಂಬ ಹಲಗೆಯಿತ್ತು. ಕವಚಗಳು ಮೇಸ್ತ್ರಿಯ ಕಪಾಟಿನಲ್ಲಿ ಒಂದಿಷ್ಟೂ ದೂಳು ತಾಗದೆ ಕ್ಷೇಮವಾಗಿದ್ದವು. ಚೀಲಕ್ಕೆ ಹಿಟ್ಟು ಸುರಿಯುವಾಗೆಲ್ಲ ಹೆಂಗಸರು ಉಸಿರು ಬಿಗಿಹಿಡಿಯುತ್ತಿದ್ದರು.

"ಹೋದ್ವಾರ ಕವಚ ಕೇಳಿದ್ದಕ್ಕೆ ಏನಂದ ಗೊತ್ತೇನಕ್ಕ?" ಪಕ್ಕದ ನೆಫಿಸೆ ಪಿಸುಗುಟ್ಟಿದಳು. "ಸೋಫಿಯಾ ಪಟ್ಣದಾಗೆ ದೊಡ್ಡಮನೆ ಹೆಂಗಸ್ರು ಕಾಸು ಕೊಟ್ಟು ಮುಖಕ್ಕೆ ಮಣ್ಣು ಬಳ್ಕೋತಾರಂತೆ. ನಮ್ಗೆ ಪುಕ್ಸಟ್ಟೆ ಸಿಕ್ತೈತಂತೆ."

"ಅವನ ಬಾಯಿಗೆ ಮಣ್ಣು ಬೀಳ. ಇದೇ ಮಣ್ಣು ಬೀಳ," ಅಂದಳು ಸೆವ್ದಿಯೆ.

ಅಂದು ಮಾರ್ಚ್ ಎಂಟು. ಧಣಿ ಬೊಯಾಜೀವ್ ಹೆಂಡತಿಯನ್ನೂ ಟೀವಿಯವರನ್ನೂ ಕಟ್ಟಿಕೊಂಡು ಬಂದರು. ಹೆಂಗಸರಿಗೆಲ್ಲ ಒಂದೊಂದು ಕೆಂಪು ಹೂವು, ಒಂದೊಂದು ಪುಟ್ಟ ಅತ್ತರಿನ ಸೀಸೆ.

"ಇದು ನಮ್ಮ ಮಣ್ಣಿನ ಪರಿಮಳ," ಎಂದು ಕ್ಯಾಮೆರಾಕ್ಕೆ ಹೇಳಿದ ಧಣಿ, ಸೆವ್ದಿಯೆಯ ಮಣಿಕಟ್ಟಿಗೆ ಎರಡು ಹನಿ ಹಚ್ಚಿದರು. "ಕುರಿ ವಾಸ್ನೆ ಹೋಯ್ತು ನೋಡು! ಹೆಂಗಿದೆ, ಹೇಳು ತಾಯಿ."

ಸೆವ್ದಿಯೆ ಮೂಸಿದಳು. "ಗೊತ್ತಿಲ್ಲ ಧಣಿ."

"ಹಂಗಂದ್ರೆ?"

"ಮೂಗು ಸತ್ತು ವರ್ಷಗಳಾದ್ವು. ಮನ್ಯಾಗೆ ಹಾಲು ಸೀದ್ರೂ ತಿಳಿಯಾಕಿಲ್ಲ."

"ಶೀತ ಆಗಿರ್ಬೇಕು ಪಾಪ," ಧಣಿ ನಗುತ್ತ ನೆಫಿಸೆಯ ಕಡೆ ತಿರುಗಿದರು. ಅವಳೂ ಮೂಸಿ ಇಲ್ಲವೆಂದು ತಲೆಯಾಡಿಸಿದಳು. ಅವಳಾಚೆಯವಳು "ನೀರಿದ್ದಂಗೈತೆ" ಅಂದಳು. ಸಾಲಿನ ತುದಿಯ ಮುದುಕಿ ಮೂಸುವ ಕಷ್ಟವನ್ನೂ ತೆಗೆದುಕೊಳ್ಳದೆ ಸೀಸೆ ವಾಪಸು ಚಾಚಿದಳು.

"ಚಂದಾಗೈತೆ ಅಂತ ಬೊಗಳ್ರೇ ಲೌಡಿಗಳಾ!" ಮೇಸ್ತ್ರಿ ಹಿಂದಿನಿಂದ ಹಲ್ಲು ಕಡಿದ. ಮೈಕಿನೊಳಗೆ ಅದೂ ಹೋಯಿತು.

ಸೆವ್ದಿಯೆ ಬಾಯ್ತೆರೆದ ಚೀಲದೊಳಗೆ ಕೈಯಿಟ್ಟು ಬೊಗಸೆ ತುಂಬ ಹಿಟ್ಟು ಎತ್ತಿಕೊಂಡಳು. ನೇರವಾಗಿ ಧಣಿಯ ಮೂಗಿನ ಬುಡಕ್ಕೆ ಹಿಡಿದಳು.

"ನಿಮ್ಮ ಮೂಗು ಚೆನ್ನಾಗೈತಲ್ಲ ಧಣಿ. ನೀವೇ ಮೂಸಿ ಹೇಳಿ."

ಧಣಿಯ ಹೆಂಡತಿ ಕರವಸ್ತ್ರ ಹುಡುಕಿದಳು. ಕ್ಯಾಮೆರಾದವನು ಒಂದು ಹೆಜ್ಜೆ ಹತ್ತಿರ ಬಂದ. ಧಣಿ ನಗುಮುಖದಲ್ಲೇ ಉಸಿರು ಬಿಗಿಹಿಡಿದರು. ಮೊದಲು ಕೆನ್ನೆ ಕೆಂಪಗಾಯಿತು, ಆಮೇಲೆ ಕಿವಿ.

ಸೆವ್ದಿಯೆ ಕೈ ಇಳಿಸಲಿಲ್ಲ. ಅವಳಿಗೇನೂ ಅವಸರವಿರಲಿಲ್ಲ. ಮನುಷ್ಯ ಎಷ್ಟು ಹೊತ್ತು ಉಸಿರು ಹಿಡಿಯಬಲ್ಲ ಎಂಬುದು ಅವಳಿಗೆ ಗೊತ್ತಿತ್ತು.