ಐಸೋಮನಿಗೆ ಕಲಿಸಿದ ಪಾಠ

"ತಲೆ ಎತ್ತಬ್ಯಾಡ ಕಣೋ ಕರಿ ಸೂಳೆಮಗನೆ. ನಿಮ್ಮಪ್ಪ ಯಾರು ಅಂತ ನಿಮ್ಮವ್ವಂಗೇ ಗೊತ್ತಿಲ್ಲ, ನಿಂಗೆ ಓಟು ಬೇಕಾ? ಓಟು?"

ಹಾಗೆಂದು ವರ್ಲೀನ್ ಪಾತ್ರೆಯಲ್ಲಿದ್ದ ಕಾಫಿಯ ಚರಟವನ್ನೆಲ್ಲ ಗಂಡನ ತಲೆಯ ಮೇಲೆ ಸುರಿದಳು. ಅದು ನರೆತ ಕೂದಲಲ್ಲಿ ಕೊಂಚ ನಿಂತು, ಕಿವಿಯ ಹಿಂದಿನಿಂದ ಅಂಗಿಯೊಳಕ್ಕೆ ಇಳಿಯಿತು. ಐಸೋಮ್ ಅಂಗೈಗಳೆರಡನ್ನೂ ತೊಡೆಯ ಕೆಳಗೆ ಅದುಮಿಟ್ಟುಕೊಂಡು ಕೂತಿದ್ದ. ಅವಳು ಅವನ ಕಿವಿ ಹಿಡಿದು ತಿರುಪಿದಳು. ಸ್ಟೂಲು ಉರುಳಿತು. ಎದ್ದು ನಿಂತ ಐಸೋಮನ ಮುಷ್ಟಿ ಅವಳ ಮೂಗಿನ ಮುಂದೆ ಬಂದು ನಿಂತಿತ್ತು.

"ಸತ್ತೆ," ಎಂದಳು ವರ್ಲೀನ್, ತಣ್ಣಗೆ. "ಈಗ ನೀನು ಸತ್ತೆ. ಪೋಲೀಸ್ನೋನ ಸೊಂಟದಾಗೆ ಪಿಸ್ತೂಲು ಐತೆ. ಕೂತ್ಕೊ, ಇನ್ನೊಂದ್ ಸಲ ಮಾಡಾನ."

ಐಸೋಮ್ ಸ್ಟೂಲು ಎತ್ತಿಟ್ಟು ಮತ್ತೆ ಕೂತ.

ನ್ಯಾಶ್‌ವಿಲ್‌ನಿಂದ ಬಂದಿದ್ದ ಕಾಲೇಜು ಹುಡುಗಿಯೊಬ್ಬಳು ಚರ್ಚಿನ ಹಿಂದಿನ ಕೋಣೆಯಲ್ಲಿ ಕಲಿಸಿಕೊಟ್ಟು ಹೋದ ವಿದ್ಯೆ ಇದು. ನಮ್ಮ ಕರಿಯರಲ್ಲೇ ಅರ್ಧ ಜನ ಬಿಳಿಯರಾಗಬೇಕು. ಉಳಿದರ್ಧ ಜನ ತಾವು ತಾವೇ ಆಗಿ ಕೂತಿರಬೇಕು. ಬಿಳಿಯರಾದವರು ಉಗಿಯಬೇಕು, ಹೊಗೆಯನ್ನು ಮುಖಕ್ಕೆ ಬಿಡಬೇಕು, ಕುರ್ಚಿಯಿಂದ ಎಳೆದು ಕೆಡವಬೇಕು. ಕೂತವರು ಕೈ ಎತ್ತಬಾರದು. ಏಟು ಬಿದ್ದರೆ ಮಂಡಿ ಮಡಚಿ, ಎರಡೂ ಕೈ ಕತ್ತಿನ ಹಿಂದೆ ಕಟ್ಟಿ, ಉಂಡೆಯಾಗಿ ಮುದುರಿಕೊಳ್ಳಬೇಕು. ಸೋಮವಾರ ಓಟಿಗೆ ಹೆಸರು ಬರೆಸಲು ಹೋದಾಗ ಕೋರ್ಟಿನ ಮುಂದೆ ಒಬ್ಬನೇ ಒಬ್ಬ ತಿರುಗಿ ಹೊಡೆದರೂ ಸಾಕು, ಸಾಲಿನಲ್ಲಿ ನಿಂತವರೆಲ್ಲರ ಮೇಲೆ ಗುಂಡು ಹಾರಿಸುವುದಕ್ಕೆ ಅವರಿಗೊಂದು ನೆಪ ಸಿಕ್ಕಂತೆ. ಬಿಳಿಯರ ಮಾತು ಆಡುವುದನ್ನು ಮಾತ್ರ ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹುಟ್ಟಿದಾಗಿನಿಂದ ಕಿವಿಗೆ ಬಿದ್ದದ್ದು ಅದೇ ತಾನೆ.

ಎಲ್ಲರೂ ಕಲಿತರು, ಐಸೋಮನೊಬ್ಬನಿಗೆ ಬರಲಿಲ್ಲ. ಪೋಲೀಸರ ಮುಖ್ಯಸ್ಥ ಶೆರೀಫನ ವೇಷ ಹಾಕಿದ್ದ ಹೋಜಿಯನೆಂಬ ಮುದುಕ ಅವನ ಕಾಲರಿಗೆ ಕೈ ಹಾಕಿದ್ದೇ ತಡ, ಪಾಪ, ಹೋಜಿಯನ ಇದ್ದೊಂದು ಮುಂದಿನ ಹಲ್ಲೂ ಹೋಯಿತು. ಚರ್ಚಿನ ಪಾದ್ರಿ ರೆವರೆಂಡ್ ಪೆಟಿಗ್ರೂ ಅಂದೇ ಹೇಳಿಬಿಟ್ಟರು: "ಕೈ ಹಿಡಿತದಲ್ಲಿಲ್ಲದೋರು ಸಾಲಿಗೆ ಬರಂಗಿಲ್ಲ, ಐಸೋಮಣ್ಣ. ನೀನು ಮನೇಲಿರು."

"ನನ್ ಹೆಂಡ್ತಿ ಹೋಯ್ತಾವ್ಳೆ," ಎಂದ ಐಸೋಮ್. "ನಾನೇನು ಮನೇಲಿ ಕೋಳಿ ಕಾಯ್ಲಾ?"

ಇವನು ಬಂದೇ ಬರುತ್ತಾನೆ ಎಂದು ವರ್ಲೀನಳಿಗೆ ಗೊತ್ತಿತ್ತು. ಬಂದರೆ ಹೊಡೆಯುತ್ತಾನೆ, ಹೊಡೆದರೆ ಸಾಯುತ್ತಾನೆ ಎಂಬುದೂ ಗೊತ್ತಿತ್ತು. ಅವನ ತಮ್ಮ ರೂಬೆನ್ ಹತ್ತಿ ಜಿನ್ನಿನಲ್ಲಿ ತೂಕ ಹಾಕುವ ಬಿಳಿಯನಿಗೆ ಒಂದು ಏಟು ತಿರುಗಿಸಿ ಕೊಟ್ಟಿದ್ದ. ಮುಂದಿನ ವಾರ ಹೊಳೆಯಲ್ಲಿ ಹೆಣವಾಗಿ ಸಿಕ್ಕಿದ. ಆದ್ದರಿಂದ ಸೋಮವಾರದೊಳಗೆ ಹೇಗಾದರೂ ಮಾಡಿ ಐಸೋಮನ ಕೈಗಳನ್ನು ಸಾಯಿಸಬೇಕೆಂದು ಅವಳು ಮನೆಯಲ್ಲೇ ಪಾಠ ಶುರುಮಾಡಿದಳು. ಗಂಡ ಹೆಂಡತಿ ಒಬ್ಬರಿಗೊಬ್ಬರು ಇದನ್ನು ಮಾಡಕೂಡದೆಂದು ಆ ಹುಡುಗಿ ಹೇಳಿಹೋಗಿದ್ದಳು. ಯಾರೇ ಮಾಡಲಿ, ಮುಗಿದ ಮೇಲೆ ತಬ್ಬಿಕೊಂಡು, ನಾನು ಆ ಬಿಳಿಯನಲ್ಲ ಎಂದು ಬಾಯಿಬಿಟ್ಟು ಹೇಳಬೇಕೆಂದೂ ಹೇಳಿದ್ದಳು. ವರ್ಲೀನ್ ತಬ್ಬಿಕೊಳ್ಳುವುದನ್ನು ಸೋಮವಾರ ಕಳೆದ ಮೇಲೆ ನೋಡೋಣವೆಂದು ಬಿಟ್ಟಳು.

ಹೊಲದಲ್ಲಿ ಕಳೆ ತೆಗೆದು ಮುಗಿದಿತ್ತು, ಹತ್ತಿ ಇನ್ನೂ ಒಡೆದಿರಲಿಲ್ಲ. ಗುರುವಾರ ಮಿಸ್ಟರ್ ಹ್ಯಾಡ್ಲಿಯ ಟ್ರಕ್ಕು ಅಂಗಳಕ್ಕೆ ಬಂದು ನಿಂತು ಹಾರನ್ ಹೊಡೆಯಿತು. ಹೊಲವೂ ಅವನದು, ಮನೆಯೂ ಅವನದು. ಇಳಿದು ಬಂದು ಮಾತಾಡುವಷ್ಟು ದೊಡ್ಡ ಮನುಷ್ಯರು ಆ ಮನೆಯಲ್ಲಿ ಯಾರಿದ್ದರು? ಐಸೋಮ್ ಟೋಪಿ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡು ಟ್ರಕ್ಕಿನ ಕಿಟಕಿಯ ಕೆಳಗೆ ನಿಂತ.

"ಏ ಹುಡುಗ," ಎಂದ ಹ್ಯಾಡ್ಲಿ. ಅವನು ಐಸೋಮನಿಗಿಂತ ಚಿಕ್ಕವನು. "ನಿನ್ನ ಹೆಂಡ್ತಿ ಓಟಿಗೆ ಹೆಸರು ಬರೆಸೋಕೆ ಹೋಗ್ತಾಳಂತೆ?"

"ಹಂಗಂತಾವ್ಳೆ ಸಾರ್."

"ಯಾಕೆ? ನಿಮ್ಮೆಲ್ಲರ ಪರವಾಗಿ ನಾನು ಹಾಕ್ತಿಲ್ವಾ? ದೇಶದ ಅಧ್ಯಕ್ಷನ್ನ ಇವಳು ಆರಿಸ್ತಾಳಾ? ನನ್ನ ಹೇಸರಗತ್ತೆಗೆ ಇವಳಿಗಿಂತ ಜಾಸ್ತಿ ಬುದ್ಧಿ ಇದೆ."

ಹ್ಯಾಡ್ಲಿ ಕೈ ಚಾಚಿ ಚುಟ್ಟದ ಬೂದಿಯನ್ನು ಐಸೋಮನ ಟೋಪಿಯೊಳಗೆ ಕೊಡವಿದ. ಅಲ್ಲಿಗೆ ಕೊಡವುವುದೇ ವಾಡಿಕೆ ಎನ್ನುವ ಹಾಗೆ ಕೊಡವಿದ. "ಸೋಮವಾರ ನೀವು ಕೋರ್ಟಿನ ಮೆಟ್ಟಿಲು ಹತ್ತಿದರೆ, ವಾಪಸ್ ಬರೋಕೆ ಈ ಮನೆ ಇರಲ್ಲ. ತಿಳೀತಾ?"

"ತಿಳೀತು ಸಾರ್."

ವರಾಂಡದಿಂದ ವರ್ಲೀನ್ ನೋಡಿದ್ದು ಐಸೋಮನ ಕೈಗಳನ್ನು. ಟೋಪಿಯ ಅಂಚು ಮುದುಡಿ ಹೋಗಿತ್ತು, ಬೆರಳಿನ ಗೆಣ್ಣುಗಳು ಎದ್ದು ನಿಂತಿದ್ದವು. ಟ್ರಕ್ಕು ಇನ್ನೊಂದು ಗಳಿಗೆ ನಿಂತಿದ್ದರೆ ಏನಾಗುತ್ತಿತ್ತೋ ದೇವರೇ ಬಲ್ಲ. ಮನೆ ಹೋಗುವುದರ ಬಗ್ಗೆ ಅವಳು ಆಗ ಯೋಚಿಸಲೇ ಇಲ್ಲ.

ಅಂದು ಸಂಜೆ ಕೂರಿಸಿದಾಗ ಅವಳು ಉಗಿಯಲೂ ಇಲ್ಲ, ಕಾಫಿ ಸುರಿಯಲೂ ಇಲ್ಲ. ಎದುರಿಗೆ ಕುರ್ಚಿ ಎಳೆದುಕೊಂಡು ಕೂತು, ಬಿಳಿಯನಾಗಿ, ಮೆಲ್ಲಗೆ ಹೇಳಿದಳು.

"ನಿನ್ ತಮ್ಮ ರೂಬೆನ್ನು ಗೊತ್ತು ಕಣೋ ನಂಗೆ. ಹೊಳೆ ದಂಡೇಲಿ ನಮ್ ಕಾಲು ಹಿಡ್ಕೊಂಡಿದ್ದ. ಎಂಗಸ್ರ ಥರ ಅಳ್ತಿದ್ದ. ಅಣ್ಣನ್ನ ಕರ್ಕೊಳ್ಳಿ, ನನ್ ಬಿಟ್ಬುಡಿ ಅಂದ. ಅಣ್ಣ ಎಲ್ಲಿದ್ಯೋ? ಮಂಚದ ಕೆಳಗೆ ಉಚ್ಚೆ ಹುಯ್ಕೊಂಡು ಬಿದ್ದಿದ್ದೆ."

ಐಸೋಮನ ಕತ್ತಿನ ನರವೊಂದು ಹೊಡೆದುಕೊಂಡಿತು. ವರ್ಲೀನಳ ನಾಲಗೆ ನಿಲ್ಲಲಿಲ್ಲ. ಹಾಗೆ ಬೈಯುವುದು ಇಷ್ಟು ಸುಲಭವೆಂದು ಅವಳಿಗೆ ಗೊತ್ತಿರಲಿಲ್ಲ. ಗಂಡನ ಮೈಯಲ್ಲಿ ಯಾವ ಯಾವ ಜಾಗ ನೋಯುತ್ತದೆಂದು ಅವಳಿಗಲ್ಲದೆ ಶೆರೀಫನಿಗೆ ಗೊತ್ತಿರುತ್ತದೆಯೇ? ಅವನ ತಾಯಿಯ ಹೆಸರೆತ್ತಿದಳು. ಉಳಿಯದ ಅವರ ಮಗುವಿನ ಮಾತು ತೆಗೆದಳು. ಕೊನೆಗೆ ಅಂಗೈ ಬೀಸಿ ಕೆನ್ನೆಗೆ ಒಂದು ಬಿಟ್ಟಳು.

ಐಸೋಮ್ ಅಲುಗಲಿಲ್ಲ. ಕೈಗಳು ತೊಡೆಯ ಕೆಳಗಿರಲಿಲ್ಲ, ಮಂಡಿಯ ಮೇಲೆ ಅಂಗಾತ ಬಿದ್ದಿದ್ದವು. ಕಣ್ಣುಗಳು ಅವಳ ಮುಖದ ಮೇಲೇ ಇದ್ದವು, ಆದರೆ ಅವಳನ್ನು ನೋಡುತ್ತಿರಲಿಲ್ಲ.

"ಆಯ್ತಾ?" ಎಂದ.

"ಆಯ್ತು. ಕಲ್ತೆ ನೀನು."

ಅವನು ಎದ್ದು ಜೋಳದ ರೊಟ್ಟಿಯನ್ನು ಮಜ್ಜಿಗೆಗೆ ಮುರಿದು ಹಾಕಿಕೊಂಡು ಉಂಡ. ವರ್ಲೀನಳಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇವನು ಬದುಕಿದ ಎಂದುಕೊಂಡಳು. ಆಮೇಲೆ ಬೋಸಿ ತೊಳೆಯುತ್ತ ನಿಂತವಳಿಗೆ ಅವನನ್ನು ತಬ್ಬಿಕೊಳ್ಳಬೇಕು ಎನ್ನಿಸಿತು. ತಬ್ಬಿದರೆ ಕಲಿತದ್ದು ಸಡಿಲಾಗಿಬಿಟ್ಟರೆ ಎಂದು ಸುಮ್ಮನಾದಳು.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ರೆವರೆಂಡ್ ಪೆಟಿಗ್ರೂ ಒಬ್ಬ ಅತಿಥಿಯನ್ನು ಎದುರಿಗೆ ನಿಲ್ಲಿಸಿದರು. ವಾಷಿಂಗ್ಟನ್‌ನಿಂದ ಬಂದವನು, ನಮ್ಮ ಬಣ್ಣದವನೇ. ಬೂಟಿನ ಹೊಳಪಿನಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಅಧ್ಯಕ್ಷರು ನಿಮ್ಮೊಂದಿಗಿದ್ದಾರೆ ಎಂದ. ನಿಮ್ಮ ತಾಳ್ಮೆಯನ್ನು ಅವರು ಬಲ್ಲರು ಎಂದ.

"ಆದರೆ ನವೆಂಬರ್‌ನ ಚುನಾವಣೆ ತನಕ ರಸ್ತೆಗೆ ಇಳಿಯಬೇಡಿ. ಟೀವಿಯಲ್ಲಿ ಗಲಾಟೆ ಕಂಡರೆ ಬಿಳಿಯರ ಓಟು ಆ ಕಡೆಯವನಿಗೆ ಹೋಗುತ್ತದೆ. ಅವನು ಗೆದ್ದರೆ ಇದ್ದದ್ದೂ ಹೋಗುತ್ತದೆ. ಸ್ವಲ್ಪ ಕಾಯಿರಿ, ಅಷ್ಟೆ."

ಬೆಂಚುಗಳಲ್ಲಿ ಬೀಸಣಿಗೆಗಳು ಆಡುತ್ತಿದ್ದವು. ವರ್ಲೀನ್ ಎದ್ದು ನಿಂತಳು.

"ಅಧ್ಯಕ್ಷರಿಗೆ ನಮ್ ಓಟು ಬೇಕಾ ಸಾರ್?"

"ಬೇಕು ತಾಯಿ. ಖಂಡಿತ ಬೇಕು."

"ನಮ್ತಾವ ಓಟೇ ಇಲ್ವಲ್ಲ. ಅದ್ನ ತರಕೇ ತಾನೆ ನಾಳೆ ಹೋಗ್ತಿರಾದು? ಇಲ್ದಿರೋ ಓಟ್ನ ನವೆಂಬರ್‌ನಾಗೆ ಎಂಗ್ ಕೊಡಾದು?"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ವಾಷಿಂಗ್ಟನ್ನಿನವನು ಕರವಸ್ತ್ರದಿಂದ ಹಣೆ ಒರೆಸಿಕೊಂಡ. "ದೊಡ್ಡ ಲೆಕ್ಕದಲ್ಲಿ ನೋಡಬೇಕು ತಾಯಿ," ಎಂದ.

"ನೋಡಿ ಸಾರ್. ದೊಡ್ಡೋರು ನೀವು. ಸಂದಾಕ್ ನೋಡಿ."

ರೆವರೆಂಡರು ಕಣ್ಣು ಮುಚ್ಚಿ ಬಹಳ ಹೊತ್ತು ಪ್ರಾರ್ಥಿಸಿ, ಕಾಯುವುದೇ ದೇವರ ಇಚ್ಛೆ ಇರಬಹುದು ಎಂದರು. ಹೊಟ್ಟೆ ತುಂಬಿದವರ ದೇವರಿಗೆ ಯಾವಾಗಲೂ ಪುರುಸೊತ್ತು. ಹೊರಗೆ ಬಂದಾಗ ಹೋಜಿಯ ವರ್ಲೀನಳ ಮುಖ ನೋಡದೆ, "ಹಿಂಗಾಯ್ತಲ್ಲವ್ವ," ಎಂದು ಹೊರಟುಹೋದ. ದಾರಿಯಲ್ಲಿ ಅವಳು ಗಂಡನನ್ನು ಕೇಳಿದಳು.

"ಏನ್ ಮಾಡಾನ?"

"ನೀನು ಯೋಳ್ದಂಗೆ," ಎಂದ ಐಸೋಮ್.

ಗುರುವಾರದಿಂದ ಅವನು ಹಾಗೇ ಇದ್ದ. ಕೇಳಿದ್ದಕ್ಕೆ ಉತ್ತರ, ಕೊಟ್ಟದ್ದಕ್ಕೆ ಊಟ.

ಸೋಮವಾರ ಕೋರ್ಟಿನ ಮೆಟ್ಟಿಲ ಹತ್ತಿರ ಬಂದವರು ಇವರಿಬ್ಬರೇ. ವರ್ಲೀನ್ ಈಸ್ಟರ್ ಹಬ್ಬದ ಟೋಪಿ ಹಾಕಿದ್ದಳು, ಐಸೋಮ್ ಇದ್ದೊಂದು ಕೋಟು ಹಾಕಿದ್ದ. ಮೇಲಿನ ಮೆಟ್ಟಿಲಲ್ಲಿ ಶೆರೀಫನ ಕೈಕೆಳಗಿನ ಡೆಪ್ಯುಟಿ ಹಲ್ಲುಕಡ್ಡಿ ಕಚ್ಚಿಕೊಂಡು ನಿಂತಿದ್ದ. ಎದುರು ಅಂಗಡಿಯ ಜಗುಲಿಯಲ್ಲಿ ಬಿಳಿಯರು ಕುರ್ಚಿ ಹಾಕಿಕೊಂಡು ಕೂತಿದ್ದರು, ಆಟ ನೋಡಲು ಬಂದವರ ಹಾಗೆ.

"ಇಷ್ಟೇ ಜನಾನಾ?" ಎಂದ ಡೆಪ್ಯುಟಿ. ಅವನಿಗೆ ಬೇಜಾರಾದಂತಿತ್ತು. "ಏನು ಬೇಕು?"

"ಓಟಿಗೆ ಹೆಸರು ಬರಸ್ಬೇಕು ಸಾರ್," ಎಂದಳು ವರ್ಲೀನ್.

ಅವನು ಇಳಿದು ಬಂದು ಅವಳ ಟೋಪಿಯನ್ನು ಒಂದು ಬೆರಳಿನಲ್ಲಿ ಕೆಡವಿದ. ಅವಳು ಬಗ್ಗಿ ತೆಗೆದುಕೊಳ್ಳುವಾಗ ಮೊಣಕಾಲಿನಿಂದ ಮುಖಕ್ಕೆ ಗುದ್ದಿದ. ಮೆಟ್ಟಿಲ ಅಂಚು ಹಣೆಗೆ ಬಡಿಯಿತು. ಬಾಯಲ್ಲಿ ರಕ್ತದ ರುಚಿ ಬಂತು, ನೋವು ಇನ್ನೂ ಬಂದಿರಲಿಲ್ಲ. ಬಿದ್ದಲ್ಲಿಂದಲೇ ಅವಳು ತಲೆ ತಿರುಗಿಸಿ ಗಂಡನ ಕೈಗಳನ್ನು ನೋಡಿದಳು.

ಕೈಗಳು ಇಳಿಬಿದ್ದಿದ್ದವು.

"ಏನೋ, ಇವಳು ನಿನ್ನ ಹೆಂಡ್ತಿ ಅಲ್ವೇನೋ?" ಡೆಪ್ಯುಟಿಯ ಬಲಗೈ ಪಿಸ್ತೂಲಿನ ಮೇಲೆ ಹಗುರವಾಗಿ ಕೂತಿತ್ತು. "ನೋಡ್ತಾ ನಿಂತಿದ್ದೀಯಲ್ಲ. ಗಂಡಸಾ ನೀನು? ಬಾ, ಹೊಡಿ. ಒಂದೇ ಒಂದು."

ಐಸೋಮ್ ಅವನ ಮುಖವನ್ನು ಗೋಡೆ ನೋಡುವ ಹಾಗೆ ನೋಡಿದ. ಡೆಪ್ಯುಟಿ ಮತ್ತೊಮ್ಮೆ ಅವಳ ಪಕ್ಕೆಗೆ ಬೂಟುಗಾಲಿನಿಂದ ಒದ್ದ, ಐಸೋಮನ ಕಣ್ಣನ್ನೇ ನೋಡುತ್ತ ಒದ್ದ. ಆಮೇಲೆ ಐಸೋಮನ ಕೆನ್ನೆಗೆ ಉಗಿದ. ಅಂಗಡಿಯ ಜಗುಲಿಯಲ್ಲಿ ಯಾರೋ ನಕ್ಕರು, ಮತ್ಯಾರೋ ಕುರ್ಚಿ ಮಡಚಿ ಎದ್ದು ಹೋದರು. ಹೊಡೆಯದವನನ್ನು ಎಷ್ಟು ಹೊತ್ತು ನೋಡಿಯಾರು?

ಒಳಗೆ ಹೆಸರು ಬರೆಯುವ ಗುಮಾಸ್ತ ಕಿಟಕಿ ಎಳೆದುಕೊಂಡು ಚಿಲಕ ಹಾಕಿದ ಸದ್ದಾಯಿತು. "ಇವತ್ತಿಗೆ ಮುಗೀತು. ಮನೆಗೆ ಹೋಗಿ," ಎಂದ ಡೆಪ್ಯುಟಿ.

"ಮನೆ ಇಲ್ಲ ಸಾರ್," ಎಂದಳು ವರ್ಲೀನ್. ಎದ್ದು, ಬಾಯಿ ಒರೆಸಿಕೊಂಡು, ಮೆಟ್ಟಿಲ ಮೇಲೇ ಕೂತಳು. "ಕಿಟಕಿ ತೆಗಿಯೋ ಗಂಟ ಇಲ್ಲೇ ಕೂತಿರ್ತೀವಿ."

ಐಸೋಮನೂ ಕೂತ. ಡೆಪ್ಯುಟಿ ಇಬ್ಬರನ್ನೂ ನೋಡಿದ, ಜಗುಲಿಯ ಕಡೆ ನೋಡಿದ, ಹಲ್ಲುಕಡ್ಡಿ ಉಗಿದು ಒಳಗೆ ಹೋದ. ಬೀದಿಯಲ್ಲಿ ಬಿಸಿಲು ಏರಿತ್ತು. ಇಬ್ಬರೂ ಬದುಕಿದ್ದರು. ವರ್ಲೀನಳಿಗೆ ಅಳಬೇಕೆನಿಸಿತು, ನಗಬೇಕೆನಿಸಿತು, ಎರಡೂ ಆಗಲಿಲ್ಲ. ಗೆದ್ದೆ ಕಣೋ ಎಂದು ಇವನಿಗೆ ಹೇಳಬೇಕು, ಇವನ ಹೆಗಲು ಹಿಡಿದುಕೊಳ್ಳಬೇಕು ಎಂದು ಅವಳು ಪಕ್ಕಕ್ಕೆ ತಿರುಗಿ ಕೈ ಚಾಚಿದಳು.

ಕೈ ಮೇಲೆದ್ದದ್ದು ಕಂಡದ್ದೇ ಐಸೋಮ್ ಮಂಡಿ ಮಡಚಿ, ಎರಡೂ ಕೈ ಕತ್ತಿನ ಹಿಂದೆ ಕಟ್ಟಿ, ಮೆಟ್ಟಿಲ ಮೇಲೆ ಉಂಡೆಯಾದ.

"ಐಸೋಮ್," ಎಂದಳು. "ನಾನು ಕಣೋ. ವರ್ಲೀನು."

"ಗೊತ್ತೈತೆ," ಎಂದ ಅವನು, ಮಂಡಿಗಳ ನಡುವಿನಿಂದ. ಕೈ ತೆಗೆಯಲಿಲ್ಲ.